ಗಂಡಸ್ತನದ ಭಾಷಣಕ್ಕೆ ಬರವಿಲ್ಲ, ಗಂಡುಮಗುವಿನ ದೇಹ ನೋಡೋರಿಲ್ಲ

ನಮ್ಮ ರಾಜಕಾರಣದ ಭಾಷೆಯಲ್ಲಿ ಗಂಡಸ್ತನಕ್ಕೆ ಭಾರಿ ಬೆಲೆ. ‘ಗಂಡಸಾಗಿದ್ರೆ ಎದುರಿಗೆ ಬಾ’, ‘ಆಗಲ್ಲ ಅಂದ್ರೆ ಬಳೆ ತೊಟ್ಕೋ’ ಎಂಬ ಧಾಟಿಯ ಮಾತು ಕೇಳದ ಚುನಾವಣೆ ನಮ್ಮಲ್ಲಿಲ್ಲ. ವೇದಿಕೆ ಯಾವ ಪಕ್ಷದ್ದಾದರೂ ಸರಿ, ಚಪ್ಪಾಳೆ ಗ್ಯಾರಂಟಿ. ಆದರೆ ಇದೇ ನಾಡಿನಲ್ಲಿ ಗಂಡುಮಗುವೊಂದು ಹುಟ್ಟಿದ ಮೊದಲ ಒಂದೂವರೆ ವರ್ಷದಲ್ಲಿ ಆಗಲೇಬೇಕಾದ ಎರಡು ನಿಮಿಷದ ತಪಾಸಣೆ ಮಾತ್ರ ಯಾರ ಜವಾಬ್ದಾರಿಯೂ ಅಲ್ಲ.

ಇಲ್ಲಿ ಮಾತಾಡ್ತಿರೋದು ಇಳಿಯದ ವೃಷಣದ ಬಗ್ಗೆ. ಮನೆಮಾತಿನಲ್ಲಿ ‘ಬೀಜ ಇಳಿದಿಲ್ಲ’ ಅಂತಾರೆ. ಹೇಳೋಕೆ ಮುಜುಗರ, ಕೇಳೋಕೆ ನಗು. ಈ ಮುಜುಗರ ಮತ್ತು ನಗುವಿನ ಮಧ್ಯೆ ಸಾವಿರಾರು ಹುಡುಗರಿಗೆ ಸಿಗಬೇಕಾದ ಚಿಕಿತ್ಸೆಯ ಸಮಯ ಕಳೆದುಹೋಗ್ತಿದೆ. ಇದು ಕುಟುಂಬದ ಸಂಕೋಚ ಮಾತ್ರ ಅಲ್ಲ. ನಮ್ಮ ಆರೋಗ್ಯ ನೀತಿ ಯಾವುದನ್ನು ನೋಡುತ್ತದೆ, ಯಾವುದನ್ನು ನೋಡುವುದಿಲ್ಲ ಎಂಬ ರಾಜಕೀಯ ಪ್ರಶ್ನೆಯೂ ಹೌದು.

ಮೊದಲು ವಿಷಯ ಏನು ಅಂತ ನೋಡೋಣ

ಗರ್ಭದಲ್ಲಿರುವಾಗ ಗಂಡುಮಗುವಿನ ವೃಷಣಗಳು ಹುಟ್ಟಿಕೊಳ್ಳೋದು ಹೊಟ್ಟೆಯೊಳಗೆ, ಕಿಡ್ನಿಗಳ ಹತ್ತಿರ. ಅಲ್ಲಿಂದ ನಿಧಾನಕ್ಕೆ ಕೆಳಗೆ ಜಾರಿ, ಗರ್ಭಾವಸ್ಥೆಯ ಕೊನೆಯ ತಿಂಗಳುಗಳಲ್ಲಿ ತೊಡೆಸಂದಿನ ದಾರಿಯಾಗಿ ವೃಷಣಚೀಲ ಸೇರುತ್ತವೆ. ಕೆಲವು ಮಕ್ಕಳಲ್ಲಿ ಒಂದು ಅಥವಾ ಎರಡೂ ದಾರಿಯಲ್ಲೇ ನಿಂತುಬಿಡುತ್ತವೆ. ತುಂಬು ತಿಂಗಳಿಗೆ ಹುಟ್ಟಿದ ಗಂಡುಮಕ್ಕಳಲ್ಲಿ 100ಕ್ಕೆ ಸುಮಾರು 3 ಮಕ್ಕಳಿಗೆ ಹೀಗಾಗುತ್ತದೆ. ಅವಧಿಗೆ ಮುಂಚೆ ಹುಟ್ಟಿದ ಮಕ್ಕಳಲ್ಲಿ ಈ ಪ್ರಮಾಣ 100ಕ್ಕೆ 30ರವರೆಗೂ ಹೋಗಬಹುದು. ಗಂಡುಮಕ್ಕಳ ಜನನಾಂಗಕ್ಕೆ ಸಂಬಂಧಿಸಿದ ಹುಟ್ಟುದೋಷಗಳಲ್ಲಿ ಅತ್ಯಂತ ಸಾಮಾನ್ಯವಾದದ್ದು ಇದೇ.

ಒಳ್ಳೆ ಸುದ್ದಿ ಅಂದ್ರೆ, ಇವುಗಳಲ್ಲಿ ಬಹಳಷ್ಟು ಮೊದಲ ಕೆಲವು ತಿಂಗಳಲ್ಲಿ ತಾವಾಗಿಯೇ ಇಳಿಯುತ್ತವೆ. ಒಂದು ವರ್ಷ ತುಂಬುವ ಹೊತ್ತಿಗೆ ಉಳಿಯೋದು 100ಕ್ಕೆ ಹೆಚ್ಚುಕಮ್ಮಿ 1. ಆದರೆ 6 ತಿಂಗಳು ದಾಟಿದ ಮೇಲೆ ತಾನಾಗಿ ಇಳಿಯುವ ಸಾಧ್ಯತೆ ತೀರಾ ಕಡಿಮೆ. ‘ದೊಡ್ಡವನಾದ್ರೆ ಸರಿಹೋಗ್ತದೆ ಬಿಡಿ’ ಅನ್ನೋ ಹಿರಿಯರ ಮಾತು 3 ತಿಂಗಳ ಮಗುವಿನ ವಿಷಯದಲ್ಲಿ ಬಹುಮಟ್ಟಿಗೆ ನಿಜ, 3 ವರ್ಷದ ಮಗುವಿನ ವಿಷಯದಲ್ಲಿ ಅಪಾಯ.

ಲೆಕ್ಕ ಹಾಕಿ ನೋಡಿ. ಕರ್ನಾಟಕದಲ್ಲಿ ವರ್ಷಕ್ಕೆ ಹತ್ತಿರಹತ್ತಿರ 10 ಲಕ್ಷ ಹೆರಿಗೆಗಳಾಗುತ್ತವೆ. ಅದರಲ್ಲಿ ಗಂಡುಮಕ್ಕಳು ಅರ್ಧದಷ್ಟು ಅಂದರೂ, 100ಕ್ಕೆ 1ರಂತೆ ಪ್ರತಿ ವರ್ಷ ಸುಮಾರು 5,000 ಹುಡುಗರಿಗೆ ಸರ್ಜರಿ ಬೇಕಾಗುತ್ತದೆ. ಇದು ಅಂದಾಜು ಲೆಕ್ಕವೇ ಇರಬಹುದು, ಆದರೆ ಅಪರೂಪದ ಕಾಯಿಲೆಯ ಲೆಕ್ಕ ಅಲ್ಲ.

ಗಡಿಯಾರ ಓಡ್ತಾ ಇರುತ್ತದೆ

ವೃಷಣಚೀಲ ದೇಹದ ಹೊರಗೆ ಇರೋದಕ್ಕೆ ಕಾರಣ ಇದೆ. ಅಲ್ಲಿಯ ತಾಪಮಾನ ದೇಹದ ಒಳಗಿನದಕ್ಕಿಂತ 2ರಿಂದ 4 ಡಿಗ್ರಿ ಸೆಲ್ಸಿಯಸ್ ಕಡಿಮೆ. ಮುಂದೆ ವೀರ್ಯಾಣುಗಳನ್ನು ತಯಾರಿಸಬೇಕಾದ ಮೂಲಕೋಶಗಳಿಗೆ ಆ ತಂಪು ಬೇಕು. ಈ ಕೋಶಗಳು ಬಲಿಯುವ ಮುಖ್ಯ ಹಂತ ನಡೆಯೋದು ಯೌವನದಲ್ಲಲ್ಲ, ಮಗುವಿನ ಮೊದಲ ವರ್ಷದಲ್ಲೇ. ವೃಷಣ ಒಳಗಿನ ಬಿಸಿಯಲ್ಲೇ ಉಳಿದರೆ ಆ ಕೋಶಗಳು ಕಡಿಮೆಯಾಗುತ್ತಾ ಹೋಗುತ್ತವೆ.

ಅದಕ್ಕೇ ಅಮೆರಿಕದ ಯೂರಾಲಜಿ ಸಂಘದ 2014ರ ಮಾರ್ಗಸೂಚಿ ಸ್ಪಷ್ಟವಾಗಿದೆ: 6 ತಿಂಗಳಾದರೂ ಇಳಿಯದಿದ್ದರೆ ತಜ್ಞರ ಬಳಿ ಕಳಿಸಿ, 18 ತಿಂಗಳೊಳಗೆ ಸರ್ಜರಿ ಮುಗಿಸಿ. ಯುರೋಪಿನ ಮಾರ್ಗಸೂಚಿಯೂ ಹೆಚ್ಚುಕಮ್ಮಿ ಇದನ್ನೇ ಹೇಳುತ್ತದೆ. ಅವಧಿಗೆ ಮುಂಚೆ ಹುಟ್ಟಿದ ಮಗುವಾದರೆ ಈ 6 ತಿಂಗಳನ್ನು ಹುಟ್ಟಿದ ದಿನದಿಂದಲ್ಲ, ಹೆರಿಗೆಗೆ ಡಾಕ್ಟರ್ ಕೊಟ್ಟಿದ್ದ ದಿನಾಂಕದಿಂದ ಎಣಿಸಬೇಕು. ಸ್ವೀಡನ್‌ನಲ್ಲಿ 9 ತಿಂಗಳಿಗೆ ಸರ್ಜರಿಯಾದ ಮಕ್ಕಳನ್ನೂ 3 ವರ್ಷಕ್ಕೆ ಆದವರನ್ನೂ ಹೋಲಿಸಿ ನೋಡಿದಾಗ, ಬೇಗ ಆದವರಲ್ಲೇ ವೃಷಣ ಚೆನ್ನಾಗಿ ಬೆಳೆದಿತ್ತು.

ಹಾಗಂತ ಗಾಬರಿ ಬೇಡ. ಒಂದೇ ಕಡೆ ಸಮಸ್ಯೆ ಇದ್ದು, ಸರ್ಜರಿ ಆದವರ ಭವಿಷ್ಯ ಬಹುಪಾಲು ಚೆನ್ನಾಗಿಯೇ ಇರುತ್ತದೆ. ಅಮೆರಿಕದ ಪಿಟ್ಸ್‌ಬರ್ಗ್‌ನಲ್ಲಿ ಬಾಲ್ಯದಲ್ಲಿ ಈ ಸರ್ಜರಿಯಾದವರನ್ನು ದೊಡ್ಡವರಾದ ಮೇಲೆ ಹುಡುಕಿ ಕೇಳಿದ ಅಧ್ಯಯನವಿದೆ. ಮಗು ಬೇಕು ಅಂತ ಪ್ರಯತ್ನಿಸಿದವರಲ್ಲಿ, ಒಂದು ಕಡೆ ಮಾತ್ರ ಸಮಸ್ಯೆ ಇದ್ದವರ ಪೈಕಿ ಸುಮಾರು 90% ಮಂದಿ ತಂದೆಯಾಗಿದ್ದರು. ಸಮಸ್ಯೆಯೇ ಇಲ್ಲದ ಗಂಡಸರಲ್ಲಿ ಇದು 93%. ಅಂದ್ರೆ ಹೇಳಿಕೊಳ್ಳುವ ವ್ಯತ್ಯಾಸವೇ ಇಲ್ಲ. ಆದರೆ ಎರಡೂ ಕಡೆ ಇಳಿಯದಿದ್ದವರಲ್ಲಿ ಅದು ಸುಮಾರು 65%ಕ್ಕೆ ಇಳಿದಿತ್ತು. ಎರಡೂ ಹೊಟ್ಟೆಯೊಳಗೇ ಇದ್ದು, ಯೌವನದವರೆಗೂ ಚಿಕಿತ್ಸೆಯೇ ಸಿಗದಿದ್ದರೆ ವೀರ್ಯದಲ್ಲಿ ವೀರ್ಯಾಣುಗಳೇ ಇಲ್ಲದಂತಾಗುವುದು ಸಾಮಾನ್ಯ.

ಇನ್ನು ಕ್ಯಾನ್ಸರ್. 2007ರಲ್ಲಿ ಪ್ರಕಟವಾದ ಸ್ವೀಡನ್‌ನ ಅಧ್ಯಯನವೊಂದು ಈ ಸರ್ಜರಿ ಮಾಡಿಸಿಕೊಂಡ ಸುಮಾರು 17,000 ಗಂಡಸರ ದಾಖಲೆಗಳನ್ನು ನೋಡಿತು. 13 ವರ್ಷದೊಳಗೆ ಸರ್ಜರಿಯಾದವರಿಗೆ ವೃಷಣದ ಕ್ಯಾನ್ಸರ್ ಅಪಾಯ ಉಳಿದ ಜನರಿಗಿಂತ ಸುಮಾರು 2.2 ಪಟ್ಟು, 13 ದಾಟಿದ ಮೇಲೆ ಆದವರಿಗೆ ಸುಮಾರು 5.4 ಪಟ್ಟು. ಈ ‘ಪಟ್ಟು’ ಲೆಕ್ಕ ಓದಿ ಹೆದರುವ ಮುಂಚೆ ಇನ್ನೊಂದು ಲೆಕ್ಕ ತಿಳಿದಿರಲಿ. ಭಾರತದಲ್ಲಿ ವೃಷಣದ ಕ್ಯಾನ್ಸರ್ ವರ್ಷಕ್ಕೆ ಲಕ್ಷ ಗಂಡಸರಲ್ಲಿ ಒಬ್ಬರಿಗೂ ಬರೋದಿಲ್ಲ. ಬಂದರೂ ಬೇಗ ಸಿಕ್ಕಿದರೆ ಪೂರ್ತಿ ಗುಣವಾಗುವ ಕ್ಯಾನ್ಸರ್ ಅದು. ವೃಷಣ ಚೀಲದಲ್ಲಿದ್ದರೆ ಗಂಟು ಕೈಗೆ ಸಿಗುತ್ತದೆ, ಹೊಟ್ಟೆಯೊಳಗಿದ್ದರೆ ಗೊತ್ತೇ ಆಗಲ್ಲ. ಸರ್ಜರಿಯ ಇನ್ನೊಂದು ಲಾಭ ಇದು. ಜೊತೆಗೆ, ಇಂಥ ಮಕ್ಕಳಲ್ಲಿ ಹರ್ನಿಯಾ ಸಾಮಾನ್ಯ, ವೃಷಣ ತಿರುಚಿಕೊಳ್ಳುವ ಅಪಾಯವೂ ಇರುತ್ತದೆ.

ಯಾಕೆ ಗೊತ್ತಾಗೋದೇ ಇಲ್ಲ?

ಈ ಸಮಸ್ಯೆಗೆ ನೋವಿಲ್ಲ, ಜ್ವರ ಇಲ್ಲ. ಮಗು ಆಡುತ್ತೆ, ಉಣ್ಣುತ್ತೆ, ಬೆಳೆಯುತ್ತೆ. ಮುಂದೆ ಮೀಸೆ ಬರುತ್ತದೆ, ದನಿ ಒಡೆಯುತ್ತದೆ. ಯಾಕಂದ್ರೆ ಪುರುಷ ಹಾರ್ಮೋನು ತಯಾರಿಸುವ ಕೋಶಗಳು ಬಿಸಿಯನ್ನು ಹೆಚ್ಚು ತಡೆದುಕೊಳ್ಳುತ್ತವೆ, ವೀರ್ಯಾಣುವಿನ ಕೋಶಗಳು ತಡೆದುಕೊಳ್ಳಲ್ಲ. ಹೊರಗಿನಿಂದ ನೋಡಿದರೆ ಎಲ್ಲ ಸರಿ. ಹಾಗಾಗಿ ಯಾರಾದರೂ ಬೇಕೆಂದೇ ಮುಟ್ಟಿ ನೋಡದೆ ಇದು ಪತ್ತೆಯಾಗೋದು ಕಷ್ಟ.

ಆ ‘ಯಾರಾದರೂ’ ಯಾರು? ಇಲ್ಲಿಂದ ನೀತಿಯ ಪ್ರಶ್ನೆ ಶುರುವಾಗುತ್ತದೆ.

ಮಕ್ಕಳ ಹುಟ್ಟುದೋಷ, ಕಾಯಿಲೆ, ಕೊರತೆಗಳನ್ನು ಬೇಗ ಪತ್ತೆ ಹಚ್ಚಲು ಕೇಂದ್ರ ಸರ್ಕಾರ 2013ರಲ್ಲಿ ರಾಷ್ಟ್ರೀಯ ಬಾಲ ಸ್ವಾಸ್ಥ್ಯ ಕಾರ್ಯಕ್ರಮ ಶುರು ಮಾಡಿತು. ಒಳ್ಳೆಯ ಯೋಜನೆ. ಹುಟ್ಟಿನಿಂದ 18 ವರ್ಷದವರೆಗಿನ ಮಕ್ಕಳನ್ನು ತಪಾಸಣೆ ಮಾಡಬೇಕು, ತೊಂದರೆ ಕಂಡರೆ ಉಚಿತ ಚಿಕಿತ್ಸೆಗೆ ಕಳಿಸಬೇಕು. ಇದಕ್ಕಾಗಿ 30 ಆರೋಗ್ಯ ಸಮಸ್ಯೆಗಳ ರಾಷ್ಟ್ರೀಯ ಪಟ್ಟಿ ಮಾಡಲಾಯಿತು. ಅದರಲ್ಲಿ ಹುಟ್ಟುದೋಷಗಳು 9: ನರಕೊಳವೆಯ ದೋಷ, ಡೌನ್ ಸಿಂಡ್ರೋಮ್, ಸೀಳುತುಟಿ, ತಿರುಚಿದ ಪಾದ, ಸೊಂಟದ ಕೀಲಿನ ದೋಷ, ಹುಟ್ಟು ಕಣ್ಣಿನ ಪೊರೆ, ಹುಟ್ಟು ಕಿವುಡುತನ, ಹೃದಯದ ದೋಷ, ಅವಧಿಪೂರ್ವ ಮಕ್ಕಳ ಕಣ್ಣಿನ ತೊಂದರೆ. ಎಲ್ಲವೂ ಇರಬೇಕಾದವೇ. ಆದರೆ ಇಳಿಯದ ವೃಷಣ ಈ 9ರಲ್ಲಿ ಇಲ್ಲ, 30ರಲ್ಲೂ ಇಲ್ಲ.

ತಪಾಸಣೆಗೆ ಬಂದ ಡಾಕ್ಟರ್ ಕಣ್ಣಿಗೆ ಬಿದ್ದರೆ ಖಂಡಿತ ಬರೆದು ಕಳಿಸ್ತಾರೆ. ಆದರೆ ಸರ್ಕಾರಿ ವ್ಯವಸ್ಥೆಯಲ್ಲಿ ಕೆಲಸ ನಡೆಯೋದು ಫಾರಂ ಮೇಲೆ. ಫಾರಂನಲ್ಲಿ ಕಾಲಂ ಇಲ್ಲದ್ದು ಕಣ್ಣಿಗೆ ಬೀಳುವುದು ಅವರವರ ಒಳ್ಳೆಯತನಕ್ಕೆ ಬಿಟ್ಟದ್ದು.

ಇನ್ನೊಂದು ತೊಡಕು ಸಮಯದ್ದು. ಈ ಯೋಜನೆಯ ಸಂಚಾರಿ ತಂಡಗಳು ಅಂಗನವಾಡಿಗೆ ವರ್ಷಕ್ಕೆ ಎರಡು ಸಲ, ಶಾಲೆಗೆ ಒಂದು ಸಲ ಹೋಗಬೇಕು. ಆದರೆ ಅಂಗನವಾಡಿಯಲ್ಲಿ ದಿನವೂ ಕೂರುವ ಮಕ್ಕಳು 3 ವರ್ಷ ದಾಟಿದವರು. ಅದಕ್ಕಿಂತ ಚಿಕ್ಕ ಮಕ್ಕಳ ಪಾಲಿನ ಆಹಾರ ಮನೆಗೆ ಹೋಗುತ್ತದೆ, ಮಗು ಬರುವುದಿಲ್ಲ. ಅಂದರೆ ತಂಡದ ಕೈಗೆ ಮಗು ಸಿಗುವ ಹೊತ್ತಿಗೆ 18 ತಿಂಗಳ ಗಡುವು ಮುಗಿದು ಇನ್ನೂ ಒಂದೂವರೆ ವರ್ಷ ಆಗಿರುತ್ತದೆ.

ಹಾಗಾದರೆ ಆ ಗಡುವಿನೊಳಗೆ ಸರ್ಕಾರದ ಯಾರೂ ಮಗುವನ್ನು ಮುಟ್ಟೋದೇ ಇಲ್ವಾ? ಮುಟ್ತಾರೆ, ಬೇಕಾದಷ್ಟು ಸಲ. ಹೆರಿಗೆಯಾದ ಆಸ್ಪತ್ರೆಯಲ್ಲಿ ಒಂದು ತಪಾಸಣೆ. ಮೊದಲ 42 ದಿನಗಳಲ್ಲಿ ಆಶಾ ಕಾರ್ಯಕರ್ತೆ ಆರು ಸಲ ಮನೆಗೆ ಬರ್ತಾರೆ. ಆಮೇಲೆ 3, 6, 9, 12, 15ನೇ ತಿಂಗಳಲ್ಲಿ ಐದು ಮನೆಭೇಟಿಗಳ ಕಾರ್ಯಕ್ರಮವಿದೆ. ಲಸಿಕೆಗೆ 6, 10, 14ನೇ ವಾರ, ಮತ್ತೆ 9ನೇ ತಿಂಗಳು, ಆಮೇಲೆ 16 ತಿಂಗಳು ದಾಟಿದ ಮೇಲೆ. ಇಷ್ಟೊಂದು ಸಲ ತೂಕ ನೋಡ್ತೇವೆ, ತೋಳಿನ ಸುತ್ತಳತೆ ಅಳೀತೇವೆ, ತೊಡೆಗೆ ಸೂಜಿ ಚುಚ್ಚುತ್ತೇವೆ. ಆ ತೊಡೆಯಿಂದ ನಾಲ್ಕು ಬೆರಳು ಮೇಲೆ ನೋಡಿ ಅಂತ ಮಾತ್ರ ಯಾರಿಗೂ ಹೇಳಿಲ್ಲ.

ಬಡವರ ಮನೆ ಹುಡುಗನಿಗೆ ಎರಡು ಸಲ ಅನ್ಯಾಯ

ಅವಧಿಗೆ ಮುಂಚೆ ಹುಟ್ಟುವುದು, ಕಡಿಮೆ ತೂಕದಲ್ಲಿ ಹುಟ್ಟುವುದು – ಇಳಿಯದ ವೃಷಣಕ್ಕೆ ಇವೆರಡೂ ದೊಡ್ಡ ಕಾರಣಗಳು. ಐದನೇ ರಾಷ್ಟ್ರೀಯ ಕುಟುಂಬ ಆರೋಗ್ಯ ಸಮೀಕ್ಷೆ ಪ್ರಕಾರ ದೇಶದಲ್ಲಿ ತೂಕ ದಾಖಲಾದ ಶಿಶುಗಳಲ್ಲಿ ಸುಮಾರು 18% ಎರಡೂವರೆ ಕೆ.ಜಿ.ಗಿಂತ ಕಡಿಮೆ. ತಾಯಿಯ ತಟ್ಟೆಯಲ್ಲಿ ಏನಿತ್ತು, ಬಸುರಿಯಲ್ಲಿ ಎಷ್ಟು ದಿನ ಕೂಲಿಗೆ ಹೋದಳು ಅನ್ನೋದು ಮಗುವಿನ ತೂಕದಲ್ಲಿ ಕಾಣುತ್ತದೆ. ಹಾಗಾಗಿ ಅಪಾಯ ಹೆಚ್ಚಿರೋದು ಬಡವರ ಮನೆಯಲ್ಲಿ, ಪತ್ತೆ ತಡವಾಗೋದೂ ಅಲ್ಲೇ. ನಗರದ ಮಧ್ಯಮ ವರ್ಗದ ಮಗುವಿಗೆ ಒಬ್ಬ ಮಕ್ಕಳ ಡಾಕ್ಟರ್ ಇರ್ತಾರೆ, ಡೈಪರ್ ಬಿಚ್ಚಿ ನೋಡ್ತಾರೆ. ಉಳಿದವರಿಗೆ?

ಉಳಿದವರಲ್ಲಿ ಕೆಲವರಿಗೆ ಮೊದಲ ಸಲ ಗೊತ್ತಾಗೋದು ಸೇನಾ ನೇಮಕಾತಿಯ ವೈದ್ಯಕೀಯ ಪರೀಕ್ಷೆಯಲ್ಲಿ. ಅಲ್ಲಿ ಇಳಿಯದ ವೃಷಣ ಅನರ್ಹತೆಯ ಕಾರಣಗಳಲ್ಲೊಂದು. ವರ್ಷಗಟ್ಟಲೆ ಬೆಳಗಿನ ಜಾವ ಎದ್ದು ಓಡಿ, ದೈಹಿಕ ಪರೀಕ್ಷೆ ಗೆದ್ದು ಬಂದ ಹಳ್ಳಿ ಹುಡುಗನಿಗೆ, ತಾನು 9 ತಿಂಗಳ ಕೂಸಾಗಿದ್ದಾಗ ಯಾರೋ ನೋಡಬೇಕಿದ್ದ ವಿಷಯ 19ನೇ ವಯಸ್ಸಿನಲ್ಲಿ, ಸಾಲಿನಲ್ಲಿ ನಿಂತಾಗ ಗೊತ್ತಾಗುತ್ತದೆ.

ಇನ್ನು ಕೆಲವರಿಗೆ ಗೊತ್ತಾಗೋದು ಮದುವೆಯಾಗಿ ಮಕ್ಕಳಾಗದಿದ್ದಾಗ. ಅದೂ ನೇರವಾಗಿ ಅಲ್ಲ. ಮೊದಲು ಸೊಸೆಯನ್ನು ದೇವಸ್ಥಾನಕ್ಕೆ, ನಾಟಿ ಔಷಧಿಗೆ, ಆಮೇಲೆ ಸ್ಕ್ಯಾನಿಂಗ್‌ಗೆ ಕರೆದುಕೊಂಡು ಹೋಗ್ತಾರೆ. ‘ಬಂಜೆ’ ಅನ್ನೋ ಪದ ಹೆಂಗಸಿಗೆ ರೆಡಿ ಇದೆ. ಗಂಡಿಗೆ ಅದೇ ಅರ್ಥದ, ಬೈಗುಳವಲ್ಲದ ಒಂದು ಪದ ದಿನಬಳಕೆಯಲ್ಲಿ ಇದೆಯಾ ಯೋಚಿಸಿ. ವೀರ್ಯ ಪರೀಕ್ಷೆಗೆ ಗಂಡ ಹೋಗುವ ಹೊತ್ತಿಗೆ ಹೆಂಡತಿ ವರ್ಷಗಟ್ಟಲೆ ಮಾತು ಕೇಳಿಸಿಕೊಂಡಾಗಿರುತ್ತದೆ. ಅಲ್ಲಿಂದ ಮುಂದಿನ ದಾರಿ ಐವಿಎಫ್. ಬಿಡಿಗಾಸಿನ ಖರ್ಚಿಲ್ಲದ ತಪಾಸಣೆ ತಪ್ಪಿಸಿದ್ದಕ್ಕೆ ಲಕ್ಷಗಳ ಬಿಲ್.

‘ಹೆಣ್ಣುಮಕ್ಕಳ ಆರೋಗ್ಯವೇ ಮೂಲೆಗೆ ಬಿದ್ದಿರುವಾಗ ಹುಡುಗರ ವಿಷಯ ಯಾಕೆ ಈಗ?’ ಅಂತ ಕೇಳಬಹುದು. ಇವು ಎರಡು ಬೇರೆ ವಿಷಯಗಳಲ್ಲ. ಸಂತಾನದ ಆರೋಗ್ಯ ಅಂದರೆ ಹೆಣ್ಣಿನ ದೇಹ ಮಾತ್ರ ಅಂತ ನಮ್ಮ ವ್ಯವಸ್ಥೆ ತೀರ್ಮಾನಿಸಿ ದಶಕಗಳಾದವು. ಅದೇ ಸಮೀಕ್ಷೆಯ ಪ್ರಕಾರ ದೇಶದಲ್ಲಿ ಕುಟುಂಬ ಯೋಜನೆಯ ವಿಧಾನವಾಗಿ ಹೆಂಗಸರ ಸಂತಾನಹರಣ ಆಪರೇಷನ್ 37.9%, ಗಂಡಸರದ್ದು 0.3%. ಮಗು ಬೇಡವಾದರೂ ಹೆಣ್ಣಿನ ದೇಹಕ್ಕೇ ಕತ್ತರಿ, ಮಗು ಆಗದಿದ್ದರೂ ಹೆಣ್ಣಿನ ಮೇಲೇ ಆರೋಪ. ಗಂಡಿನ ದೇಹ ಚರ್ಚೆಗೆ ಬಾರದಂತೆ ಕಾಪಾಡುವ ಗಂಡಾಳ್ವಿಕೆಯೇ ಇಲ್ಲಿ ಗಂಡುಮಗುವನ್ನೂ ಚಿಕಿತ್ಸೆಯಿಂದ ವಂಚಿಸುತ್ತಿದೆ.

ಗೊತ್ತಾದ ಮೇಲೂ ದಾರಿ ತಪ್ಪುತ್ತದೆ

ಪತ್ತೆಯಾದ ಮೇಲೆ ಬಹಳ ಕುಟುಂಬಗಳು ತಿಂಗಳುಗಳನ್ನು ಕಳೆದುಕೊಳ್ಳೋದು ಸ್ಕ್ಯಾನ್ ಹಿಂದೆ. ಮಾರ್ಗಸೂಚಿಗಳು ಹೇಳೋದು ಬೇರೆ: ತಜ್ಞರ ಬಳಿ ಕಳಿಸುವ ಮುಂಚೆ ಅಲ್ಟ್ರಾಸೌಂಡ್ ಬೇಕಿಲ್ಲ. ಸುಮಾರು 80% ಮಕ್ಕಳಲ್ಲಿ ಅನುಭವಿ ಕೈಗೆ ವೃಷಣ ತೊಡೆಸಂದಿನಲ್ಲೇ ಸಿಗುತ್ತದೆ. ಸಿಗದಿದ್ದರೆ, ಹೊಟ್ಟೆಯೊಳಗೆ ಇದೆಯೋ ಇಲ್ಲವೋ ಅಂತ ಅಲ್ಟ್ರಾಸೌಂಡ್ ನಂಬುವ ಹಾಗೆ ಹೇಳಲಾರದು, ಲ್ಯಾಪರೋಸ್ಕೋಪಿಯೇ ಬೇಕು. ಹಾರ್ಮೋನ್ ಇಂಜೆಕ್ಷನ್‌ನಿಂದ ಇಳಿಸುವ ಪ್ರಯತ್ನವನ್ನೂ ಅಮೆರಿಕದ ಮಾರ್ಗಸೂಚಿ ಒಪ್ಪುವುದಿಲ್ಲ.

ಕೆಲವು ಮಕ್ಕಳಲ್ಲಿ ವೃಷಣ ಚಳಿಗೆ, ಹೆದರಿಕೆಗೆ ಮೇಲೆ ಸರಿದು, ಬಿಸಿನೀರ ಸ್ನಾನ ಮಾಡಿಸುವಾಗ ಕೆಳಗೆ ಬರುತ್ತದೆ. ಇದಕ್ಕೆ ಸರ್ಜರಿ ಬೇಕಿಲ್ಲ. ಆದರೆ ಬೆಳೆಯುತ್ತಾ ಮೇಲೆಯೇ ನಿಂತುಬಿಡುವ ಸಾಧ್ಯತೆ ಇರೋದರಿಂದ ವರ್ಷಕ್ಕೊಮ್ಮೆ ತೋರಿಸಬೇಕು.

ಒಂದು ಎಚ್ಚರಿಕೆಯನ್ನು ಮಾತ್ರ ಯಾರೂ ಮರೆಯುವಂತಿಲ್ಲ. ನವಜಾತ ಶಿಶುವಿನಲ್ಲಿ ಎರಡೂ ವೃಷಣ ಕೈಗೆ ಸಿಗದಿದ್ದರೆ 6 ತಿಂಗಳು ಕಾಯುವಂತಿಲ್ಲ, ತಕ್ಷಣ ಪರೀಕ್ಷೆ ಆಗಬೇಕು. ಅಡ್ರಿನಲ್ ಗ್ರಂಥಿಯ ಜೀವಕ್ಕೇ ಅಪಾಯವಾಗುವ ತೊಂದರೆ ಅದರ ಹಿಂದೆ ಇರಬಹುದು, ಅಥವಾ ಮಗು ಅಂತರಲಿಂಗಿ ಆಗಿರಬಹುದು. ಅಂತರಲಿಂಗಿ ಮಕ್ಕಳ ದೇಹವನ್ನು ಗಂಡು ಅಥವಾ ಹೆಣ್ಣಿನ ಅಚ್ಚಿಗೆ ಕೂರಿಸುವ ಅನಗತ್ಯ ಸರ್ಜರಿ ಮಾಡಬಾರದು ಅಂತ 2019ರಲ್ಲಿ ಮದ್ರಾಸ್ ಹೈಕೋರ್ಟ್ ಹೇಳಿತು, ತಮಿಳುನಾಡು ಸರ್ಕಾರ ಅದೇ ವರ್ಷ ಆದೇಶವನ್ನೂ ಹೊರಡಿಸಿತು. ಇರುವ ಅಂಗವನ್ನು ಉಳಿಸಿಕೊಳ್ಳಲು ಮಾಡುವ ಸರ್ಜರಿ ಬೇರೆ, ಸಮಾಜದ ಕಣ್ಣಿಗೆ ಒಪ್ಪುವಂತೆ ಮಾಡುವ ಸರ್ಜರಿ ಬೇರೆ. ಮೊದಲನೆಯದಕ್ಕೆ ಒತ್ತಾಯಿಸುವಾಗ ಎರಡನೆಯದಕ್ಕೆ ಬಾಗಿಲು ತೆರೆಯಬಾರದು.

ಇನ್ನು ಸರ್ಜರಿಯ ಮಾತು. ತೊಡೆಸಂದಿನಲ್ಲಿ ಸಣ್ಣದೊಂದು ಗಾಯ, ಬಹಳ ಸಲ ಅದೇ ದಿನ ಮನೆಗೆ. ಆದರೆ ಒಂದು ವರ್ಷದ ಮಗುವಿಗೆ ಅರಿವಳಿಕೆ ಕೊಡೋಕೆ ಪಳಗಿದ ಕೈ ಬೇಕು, ಮಕ್ಕಳ ಸರ್ಜನ್ ಬೇಕು. ಅಂಥವರು ಹೆಚ್ಚಾಗಿ ಇರೋದು ಬೆಂಗಳೂರು ಮತ್ತು ಮೆಡಿಕಲ್ ಕಾಲೇಜುಗಳಿರುವ ದೊಡ್ಡ ಊರುಗಳಲ್ಲಿ. ಬೆಂಗಳೂರಿನ ಇಂದಿರಾ ಗಾಂಧಿ ಮಕ್ಕಳ ಆರೋಗ್ಯ ಸಂಸ್ಥೆಯಂಥ ಕಡೆ ಎಲ್ಲ ಸೌಲಭ್ಯ ಇದೆ ಅಂದ್ರೂ ಬೀದರ್‌ನಿಂದ ಅದು ಸುಮಾರು 700 ಕಿಲೋಮೀಟರ್. ಆಯುಷ್ಮಾನ್ ಭಾರತ್ – ಆರೋಗ್ಯ ಕರ್ನಾಟಕ ಯೋಜನೆಯಲ್ಲಿ ಬಿಪಿಎಲ್ ಕುಟುಂಬಕ್ಕೆ ವರ್ಷಕ್ಕೆ 5 ಲಕ್ಷ ರೂಪಾಯಿವರೆಗಿನ ಚಿಕಿತ್ಸೆ ಸಿಗುತ್ತದೆ. ಆದರೆ ಅಪ್ಪ ಅಮ್ಮ ಇಬ್ಬರದೂ ಒಂದು ವಾರದ ಕೂಲಿ, ದೊಡ್ಡೂರಿನಲ್ಲಿ ಉಳಿಯುವ ಖರ್ಚು ಯಾವ ಪ್ಯಾಕೇಜಿನಲ್ಲಿದೆ? ನೋವೇ ಇಲ್ಲದ ಮಗುವಿಗಾಗಿ ಆ ಕೂಲಿ ಬಿಡಿ ಅಂತ ಹೇಳೋದು ಸುಲಭ ಅಲ್ಲ. ‘ಬರೋ ವರ್ಷ ನೋಡೋಣ’ ಅನ್ನೋದು ಇಲ್ಲಿಂದ ಬರುತ್ತದೆ, ಅಜ್ಞಾನದಿಂದ ಮಾತ್ರ ಅಲ್ಲ.

ಏನು ಮಾಡಬಹುದು?

ಇದಕ್ಕೆ ಹೊಸ ಯೋಜನೆ, ಹೊಸ ಹೆಸರು, ಹೊಸ ಫ್ಲೆಕ್ಸ್ ಯಾವುದೂ ಬೇಡ.

ಮೊದಲನೆಯದು, ತಾಯಿ ಕಾರ್ಡ್‌ನಲ್ಲಿ ಒಂದು ಸಾಲು: ‘ಎರಡೂ ವೃಷಣ ಚೀಲದಲ್ಲಿವೆಯೇ?’ ಹುಟ್ಟಿದಾಗ, 14ನೇ ವಾರದ ಲಸಿಕೆಗೆ, 9ನೇ ತಿಂಗಳ ಲಸಿಕೆಗೆ – ಮೂರು ಸಲ ಟಿಕ್. 9ನೇ ತಿಂಗಳಲ್ಲೂ ಇಲ್ಲ ಅಂತಾದರೆ ಅವತ್ತೇ ರೆಫರಲ್ ಚೀಟಿ.

ಎರಡನೆಯದು, ಈ ಕೆಲಸ ಪ್ರಾಥಮಿಕ ಆರೋಗ್ಯ ಕೇಂದ್ರದ ಡಾಕ್ಟರ್ ಮತ್ತು ನರ್ಸ್‌ಗೆ ಸೇರಬೇಕು. ಆಶಾ ಕಾರ್ಯಕರ್ತೆಯರ ತಲೆ ಮೇಲೆ ಇನ್ನೊಂದು ಹೊರೆ ಹಾಕೋದಲ್ಲ. 2025ರ ಜನವರಿಯಲ್ಲಿ ಅವರು ಗೌರವಧನಕ್ಕಾಗಿ ಬೆಂಗಳೂರಿನ ಫ್ರೀಡಂ ಪಾರ್ಕ್‌ನಲ್ಲಿ ಹಗಲು ರಾತ್ರಿ ಕೂರಬೇಕಾಯಿತು. ಬಿಟ್ಟಿ ದುಡಿಮೆಯ ಮೇಲೆ ಮತ್ತೊಂದು ತಪಾಸಣೆ ಕಟ್ಟುವುದು ತಪ್ಪು. ಕಾರ್ಡ್‌ನಲ್ಲಿ ಟಿಕ್ ಬಿದ್ದಿಲ್ಲ ಅಂತ ತಾಯಿಗೆ ನೆನಪಿಸುವುದಷ್ಟೇ ಅವರ ಪಾಲಿಗಿರಲಿ, ಅದಕ್ಕೂ ದುಡ್ಡು ಕೊಡಿ.

ಮೂರನೆಯದು, ಬಾಲ ಸ್ವಾಸ್ಥ್ಯ ಪಟ್ಟಿಯಲ್ಲಿ 10ನೇ ಹುಟ್ಟುದೋಷವಾಗಿ ಇದು ಸೇರಲಿ. ಕೇಂದ್ರ ತಡ ಮಾಡಿದರೆ ರಾಜ್ಯವೇ ತನ್ನ ಮಟ್ಟಿಗೆ ಸೇರಿಸಿಕೊಳ್ಳಲಿ. ಆರೋಗ್ಯ ರಾಜ್ಯದ ವಿಷಯ ಅಂತ ನೆನಪಿಸಲು ಇದಕ್ಕಿಂತ ಸುಲಭದ ಸಂದರ್ಭ ಸಿಗೋದಿಲ್ಲ.

ನಾಲ್ಕನೆಯದು, ಮೆಡಿಕಲ್ ಕಾಲೇಜಿನ ಮಕ್ಕಳ ಸರ್ಜನ್ ಮತ್ತು ಅರಿವಳಿಕೆ ತಜ್ಞರ ತಂಡ ಗೊತ್ತುಪಡಿಸಿದ ದಿನಗಳಂದು ಜಿಲ್ಲಾಸ್ಪತ್ರೆಗೆ ಬರಲಿ. 5,000 ಕುಟುಂಬಗಳನ್ನು ಬೆಂಗಳೂರಿಗೆ ಓಡಿಸುವುದಕ್ಕಿಂತ ಇದು ಅಗ್ಗ.

ಇದನ್ನು ಓದ್ತಿರೋ ನೀವು ಇಪ್ಪತ್ತರ ಆಸುಪಾಸಿನವರಾಗಿದ್ದು, ನಿಮಗೇ ಈ ತೊಂದರೆ ಇದ್ದರೆ ಮುಚ್ಚಿಟ್ಟುಕೊಳ್ಳಬೇಡಿ, ಯೂರಾಲಜಿಸ್ಟ್‌ಗೆ ತೋರಿಸಿ. ಇಳಿಸೋದೋ ತೆಗೆಯೋದೋ ಅನ್ನೋದನ್ನು ವಯಸ್ಸು, ಸ್ಥಿತಿ ನೋಡಿ ಅವರು ಹೇಳ್ತಾರೆ. ಚಿಕ್ಕವರಿದ್ದಾಗ ಸರ್ಜರಿ ಆಗಿದ್ದರೆ ತಿಂಗಳಿಗೊಮ್ಮೆ ಸ್ನಾನ ಮಾಡುವಾಗ ಮುಟ್ಟಿ ನೋಡಿಕೊಳ್ಳಿ, ಗಂಟು ಅಥವಾ ಊತ ಕಂಡರೆ ಡಾಕ್ಟರ್ ಹತ್ತಿರ ಹೋಗಿ. ಒಂದೇ ವೃಷಣ ಇದ್ದವರೂ ಬಹುತೇಕ ಎಲ್ಲರಂತೆಯೇ ಬದುಕುತ್ತಾರೆ. ಮನೆಯಲ್ಲಿ ಅಕ್ಕನದ್ದೋ ಅಣ್ಣನದ್ದೋ ಕೂಸು ಇದ್ದರೆ, ಈ ವಾರ ಎಣ್ಣೆ ಹಚ್ಚಿ ನೀರು ಹಾಕುವಾಗ ಎರಡೂ ಇವೆಯಾ ನೋಡಿ ಅಂತ ಅವರಿಗೆ ಹೇಳಿ. ನಾಚಿಕೆ ಪಡುವಂಥದ್ದು ಇದರಲ್ಲಿ ಏನೂ ಇಲ್ಲ.

ಮುಂದಿನ ಸಲ ನಿಮ್ಮ ಶಾಸಕರು ವೇದಿಕೆ ಮೇಲೆ ಗಂಡಸ್ತನದ ಸವಾಲು ಹಾಕಿದಾಗ ಒಂದು ಪ್ರಶ್ನೆ ಕೇಳಿ: ನಿಮ್ಮ ಕ್ಷೇತ್ರದಲ್ಲಿ ಈ ವರ್ಷ ಹುಟ್ಟಿದ ಗಂಡುಮಕ್ಕಳಲ್ಲಿ ಎಷ್ಟು ಮಂದಿಗೆ ಈ ತಪಾಸಣೆ ಆಗಿದೆ? ಉತ್ತರ ಅವರ ಹತ್ತಿರ ಇರೋದಿಲ್ಲ, ಯಾಕಂದ್ರೆ ಲೆಕ್ಕ ಇಟ್ಟವರೇ ಇಲ್ಲ. ತಾಯಿ ಕಾರ್ಡ್ ಮುಂದಿನ ಸಲ ಮುದ್ರಣಕ್ಕೆ ಹೋಗುವ ಮುಂಚೆ ಆ ಒಂದು ಸಾಲು ಸೇರಿಸಿ ಅಂತ ಒತ್ತಾಯಿಸಿ. ಲೆಕ್ಕ ಅಲ್ಲಿಂದ ಶುರುವಾಗಲಿ.